‘ಯಾವಾಗಲೂ’ ಅಂದರೆ ಎಷ್ಟು ಸಲ?



ನಾನು ಡಾಕ್ಟರಲ್ಲ, ಮನಃಶಾಸ್ತ್ರ ಓದಿದವಳೂ ಅಲ್ಲ. ಆಟಿಸಂ ಇರುವ ಮಗನ ತಾಯಿ, ಅಷ್ಟೇ. ಅವನಿಗೆ ಐದು ವರ್ಷವಿದ್ದಾಗ ಶಾಲೆಯಿಂದ ಚೀಟಿ ಬಂತು: ‘ಯಾವಾಗಲೂ ಹಠ ಮಾಡುತ್ತಾನೆ, ಬೇರೆ ಶಾಲೆ ನೋಡಿಕೊಳ್ಳಿ.’ ಅದನ್ನು ಹಿಡಿದುಕೊಂಡು ಥೆರಪಿಸ್ಟ್ ಹತ್ತಿರ ಹೋಗಿ, “ಮನೆಯಲ್ಲೂ ಯಾವಾಗಲೂ ಹೀಗೇ ಮೇಡಂ” ಎಂದು ಕಣ್ಣೀರು ಹಾಕಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: “ದಿನಕ್ಕೆ ಎಷ್ಟು ಸಲ?” ನನ್ನ ಬಳಿ ಉತ್ತರವಿರಲಿಲ್ಲ.

ಅವರದು ಅಪ್ಲೈಡ್ ಬಿಹೇವಿಯರ್ ಅನಾಲಿಸಿಸ್ ಎಂಬ ಪದ್ಧತಿ. ಚಿಕ್ಕದಾಗಿ ಎಬಿಎ ಅನ್ನುತ್ತಾರೆ. 1968ರಲ್ಲೇ ಅಮೆರಿಕದಲ್ಲಿ ಇದಕ್ಕಾಗಿ ಒಂದು ಸಂಶೋಧನಾ ಪತ್ರಿಕೆ ಶುರುವಾಗಿತ್ತು. ನನಗೆ ಸಿಕ್ಕ ಮೊದಲ ಪಾಠ: ತಿದ್ದುವ ಮೊದಲು ಅಳೆಯಿರಿ.

ಅಳೆಯಬೇಕಾದರೆ ಮಾತು ಸ್ಪಷ್ಟವಾಗಿರಬೇಕು. ‘ಹಠ’ ಕಣ್ಣಿಗೆ ಕಾಣುವುದಿಲ್ಲ. ‘ನೆಲಕ್ಕೆ ಬಿದ್ದು ಕಿರುಚುವುದು, ಒಂದು ನಿಮಿಷ ಸುಮ್ಮನಿದ್ದರೆ ಮುಗಿಯಿತು’ ಎಂದರೆ ಕಾಣುತ್ತದೆ. ಪ್ರತಿ ಸಲಕ್ಕೂ ಒಂದು ಹುಣಸೆ ಬೀಜವನ್ನು ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಹಾಕಿದೆ. ಎಷ್ಟು ಹೊತ್ತು ಎಂಬುದನ್ನು ಮೊಬೈಲಿನಲ್ಲಿ ನೋಡಿ ಬರೆದೆ. ವಾರದ ಕೊನೆಗೆ ಲೆಕ್ಕ ಹಾಕಿದರೆ ದಿನಕ್ಕೆ ನಾಲ್ಕೈದು ಸಲ, ಎಲ್ಲ ಸೇರಿ ಸುಮಾರು 35 ನಿಮಿಷ. ಎಚ್ಚರವಿರುವ 13 ಗಂಟೆಗಳಲ್ಲಿ 35 ನಿಮಿಷ! ಉಳಿದ ಹೊತ್ತಿನಲ್ಲಿ ಮಗ ಏನು ಮಾಡುತ್ತಾನೆಂದು ನಾನು ನೋಡಿರಲೇ ಇಲ್ಲ.

ಒಬ್ಬರ ಲೆಕ್ಕವನ್ನು ನಂಬಬಾರದು ಎಂದು ಒಂದು ಭಾನುವಾರ ನಾನೂ ನಮ್ಮ ಯಜಮಾನರೂ ಬೇರೆ ಬೇರೆಯಾಗಿ ಎಣಿಸಿದೆವು. ನನ್ನದು ಆರು, ಅವರದು ನಾಲ್ಕು. ಚಿಕ್ಕ ಸಂಖ್ಯೆಯನ್ನು ದೊಡ್ಡದರಿಂದ ಭಾಗಿಸಿದರೆ ಶೇ. 67. ಸಾಮಾನ್ಯವಾಗಿ ಶೇ. 80 ಆದರೂ ಹೊಂದಬೇಕು. ತಪ್ಪು ನನ್ನದೇ. ಬರೀ ಮುಲುಗಿದ್ದನ್ನೂ ನಾನು ಎಣಿಸಿದ್ದೆ!

ಆಮೇಲೆ ಮೂರು ಕಾಲಂ ಹಾಕಿಕೊಟ್ಟರು: ಅದಕ್ಕೆ ಮೊದಲು ಏನಾಯಿತು, ಅವನು ಏನು ಮಾಡಿದ, ನಂತರ ನಾವು ಏನು ಮಾಡಿದೆವು. ಹತ್ತು ದಿನ ಬರೆದು ಓದಿದೆ. ಮೊದಲ ಕಾಲಂನಲ್ಲಿ ಮತ್ತೆ ಮತ್ತೆ ‘ಮಿಕ್ಸಿ ಹಾಕಿದೆ’, ಮೂರನೆಯದರಲ್ಲಿ ‘ಮಿಕ್ಸಿ ನಿಲ್ಲಿಸಿದೆ’. ಮಾತು ಬಾರದ ಮಗು ತನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ ‘ನಿಲ್ಲಿಸಮ್ಮಾ’ ಅನ್ನುತ್ತಿತ್ತು. ನಾವು ಅದಕ್ಕೆ ಹಠ ಎಂದು ಹೆಸರಿಟ್ಟಿದ್ದೆವು. ಕೈಯೆತ್ತಿ ‘ಸಾಕು’ ಎಂದು ತೋರಿಸಲು ಕಲಿಸಿದೆವು. ಕೈಯೆತ್ತಿದ ಕೂಡಲೇ ನಾನು ಮಿಕ್ಸಿ ನಿಲ್ಲಿಸುತ್ತಿದ್ದೆ. ಬಟ್ಟಲಿನಲ್ಲಿ ಬೀಜ ನಿಧಾನವಾಗಿ ಕಡಿಮೆಯಾಯಿತು.

ಎಲ್ಲವನ್ನೂ ಎಣಿಸಲಾಗುವುದಿಲ್ಲ. ಅಕ್ಕನ ಜೊತೆ ಆಡುತ್ತಾನೋ ಎಂದು ತಿಳಿಯಲು ಹತ್ತು ನಿಮಿಷಕ್ಕೊಮ್ಮೆ ಅಲಾರಂ ಇಟ್ಟು, ಅದು ಹೊಡೆದ ಕ್ಷಣದಲ್ಲಿ ಕಂಡದ್ದಕ್ಕೆ ಮಾತ್ರ ಗುರುತು ಹಾಕಿದೆ. ಅಡುಗೆ ಮಾಡುತ್ತಲೇ ಮಾಡಬಹುದಾದ ಕೆಲಸ.

ಒಂದು ಎಚ್ಚರಿಕೆಯ ಮಾತು. ಎಬಿಎ ತಮ್ಮನ್ನು ಬೇರೆಯವರಂತೆ ಮಾಡಲು ಹೊರಟು ನೋಯಿಸಿತು ಎಂದು ಆಟಿಸಂ ಇರುವ ಹಲವು ದೊಡ್ಡವರು ಹೇಳಿದ್ದಾರೆ. ಅದನ್ನು ನಾವು ಕೇಳಿಸಿಕೊಳ್ಳಬೇಕು. ಖುಷಿಯಾದಾಗ ನನ್ನ ಮಗ ಎರಡೂ ಕೈ ಗಾಳಿಯಲ್ಲಿ ಆಡಿಸುತ್ತಾನೆ. ಅದರಿಂದ ಯಾರಿಗೂ ತೊಂದರೆಯಿಲ್ಲ. ಅದಕ್ಕೆ ನಾವು ಬೀಜ ಹಾಕಲಿಲ್ಲ.

ಆ ಶಾಲೆ ಬಿಟ್ಟೆವು. ಹೊಸ ಶಾಲೆಗೆ ಹೋಗುವಾಗ ನನ್ನ ಕೈಯಲ್ಲಿ ಮೂರು ತಿಂಗಳ ಹಾಳೆಗಳಿದ್ದವು. ಟೀಚರ್ ಕೂತು ಓದಿದರು. “ಹಾಗಾದರೆ ಬೆಲ್ ಇರುವ ಕಡೆಯಿಂದ ದೂರ ಕೂರಿಸೋಣ” ಅಂದರು. ನಾನು ಬೇರೇನೂ ಹೇಳಬೇಕಾಗಲಿಲ್ಲ.

ನಿಮ್ಮ ಮನೆಯಲ್ಲೂ ಯಾರ ಬಗ್ಗೆಯಾದರೂ ‘ಯಾವಾಗಲೂ’ ಎಂಬ ಮಾತು ಬಾಯಿಗೆ ಬಂದರೆ ಒಂದು ವಾರ ಎಣಿಸಿ ನೋಡಿ.