ಸುವಾರ್ತೆಯೂ ಕೇಳುಗನ ಸ್ವಾತಂತ್ರ್ಯವೂ



ಕ್ರೈಸ್ತ ನಂಬಿಕೆಯನ್ನು ಇತರರೊಡನೆ ಪ್ರೀತಿಯಿಂದಲೂ ಪರಿಣಾಮಕಾರಿಯಾಗಿಯೂ ಹಂಚಿಕೊಳ್ಳುವುದು ಹೇಗೆ ಎಂಬುದು ಇಂದಿನ ಉಪನ್ಯಾಸದ ವಿಷಯ. ನಮ್ಮ ನಾಡಿನಲ್ಲಿ ಈ ಮಾತೆತ್ತಿದ ಕೂಡಲೇ ಎರಡು ಪ್ರಶ್ನೆಗಳು ಏಳುತ್ತವೆ. ಸಭೆಯ ಒಳಗಿನವರು ಎಷ್ಟು ಜನ ದೀಕ್ಷಾಸ್ನಾನ ಪಡೆದರು ಎಂದು ಕೇಳುತ್ತಾರೆ. ಹೊರಗಿನವರು ಎಷ್ಟು ಜನರನ್ನು ಮತಾಂತರ ಮಾಡಿದಿರಿ ಎಂದು ಕೇಳುತ್ತಾರೆ. ಒಬ್ಬರಿಗೆ ಹೆಮ್ಮೆಗೆ, ಇನ್ನೊಬ್ಬರಿಗೆ ಆರೋಪಕ್ಕೆ ಬೇಕಾದದ್ದು ಅದೇ ತಲೆಲೆಕ್ಕ. ಈ ಲೆಕ್ಕದಲ್ಲಿ ಕಾಣದೆ ಹೋಗುವವನು ಸುವಾರ್ತೆಯನ್ನು ಕೇಳಿಸಿಕೊಂಡ ಮನುಷ್ಯ. ಅವನಿಗೆ ‘ಬೇಡ’ ಎನ್ನುವ ಸ್ವಾತಂತ್ರ್ಯ ನಿಜವಾಗಿ ಇತ್ತೇ, ಹಾಗೆಂದ ಮೇಲೂ ಹೇಳಿದವನ ಪ್ರೀತಿ ಉಳಿಯಿತೇ ಎಂಬುದನ್ನು ಯಾವ ಲೆಕ್ಕವೂ ದಾಖಲಿಸುವುದಿಲ್ಲ. ಸಾಕ್ಷಿಯ ಅಳತೆಗೋಲು ಇದೇ ಆಗಬೇಕೆಂಬುದು ನನ್ನ ವಾದ. ಪ್ರೀತಿಗಾಗಿ ಪರಿಣಾಮವನ್ನು ಬಿಟ್ಟುಕೊಡಬೇಕೆಂದು ನಾನು ಹೇಳುತ್ತಿಲ್ಲ. ಕೇಳುಗನ ಸ್ವಾತಂತ್ರ್ಯವನ್ನು ಕಾಯುವ ಸಾಕ್ಷಿಯೇ ಹೆಚ್ಚು ದೂರ ಮುಟ್ಟಿದೆ ಎಂದು ಇತಿಹಾಸವೇ ತೋರಿಸುತ್ತದೆ.

ಮೊದಲು ಸುವಾರ್ತೆಯ ಪುಸ್ತಕಗಳನ್ನೇ ನೋಡೋಣ. ಮಾರ್ಕನು ಹೇಳುವಂತೆ, ನಿತ್ಯಜೀವವನ್ನು ಅರಸಿ ಬಂದ ಧನಿಕನೊಬ್ಬನನ್ನು ಯೇಸು ಪ್ರೀತಿಯಿಂದ ದೃಷ್ಟಿಸಿ ನೋಡಿ, ಅವನಿಂದ ಆಗದ ಮಾತನ್ನೇ ಹೇಳಿದನು. ಅವನು ಮುಖ ಬಾಡಿಸಿಕೊಂಡು ಹೊರಟುಹೋದ. ಯೇಸು ಅವನನ್ನು ಹಿಂದಕ್ಕೆ ಕರೆದು ಬೇಡಿಕೆಯನ್ನು ಇಳಿಸಲಿಲ್ಲ, ಬೆದರಿಸಲೂ ಇಲ್ಲ. ಯೋಹಾನನ ಆರನೆಯ ಅಧ್ಯಾಯದಲ್ಲಿ ಬೋಧೆ ಕಠಿಣವೆಂದು ಅನೇಕ ಶಿಷ್ಯರು ಬಿಟ್ಟು ಹೋದಾಗ, ಉಳಿದ ಹನ್ನೆರಡು ಮಂದಿಗೂ ಹೋಗುವ ದಾರಿ ತೆರೆದಿದೆ ಎಂಬಂತೆ ಪ್ರಶ್ನೆ ಬರುತ್ತದೆ. ಪೌಲನು ಅಥೇನೆಯಲ್ಲಿ ಊರೆಲ್ಲ ಸುತ್ತಿ, ಅಲ್ಲಿನವರ ಬಲಿಪೀಠಗಳನ್ನು ಗಮನಿಸಿ, ಅವರದೇ ಕವಿಗಳ ಮಾತು ಹಿಡಿದು ಭಾಷಣ ಮಾಡಿದ. ಕೆಲವರು ಅಪಹಾಸ್ಯ ಮಾಡಿದರು, ಕೆಲವರು ಇನ್ನೊಮ್ಮೆ ಕೇಳುತ್ತೇವೆ ಎಂದರು, ಕೆಲವರು ನಂಬಿದರು. ಈ ಮೂರು ಉತ್ತರಗಳನ್ನೂ ಅಪೊಸ್ತಲರ ಕೃತ್ಯಗಳ ಲೇಖಕ ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದಾನೆ. ಪೇತ್ರನ ಮೊದಲ ಪತ್ರವಂತೂ ನಿಮ್ಮ ನಿರೀಕ್ಷೆಗೆ ಕಾರಣವೇನೆಂದು ಕೇಳಿದವರಿಗೆ ಉತ್ತರಿಸಲು ಸಿದ್ಧರಾಗಿರಿ, ಆದರೆ ಸೌಮ್ಯತೆಯಿಂದಲೂ ಗೌರವದಿಂದಲೂ ಉತ್ತರಿಸಿರಿ ಎಂಬ ಅರ್ಥದ ಬುದ್ಧಿಮಾತು ಹೇಳುತ್ತದೆ. ಯಾರಾದರೂ ಬಂದು ಕೇಳುವಂಥ ಬಾಳು ಇದ್ದರೆ ಮಾತ್ರ ಆ ಮಾತಿಗೆ ಅರ್ಥ.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. ಜೀವ ಉಳಿಸುವ ಸತ್ಯ ನಮ್ಮಲ್ಲಿದೆ ಎಂದು ನಂಬಿದವನು ಕೇಳುಗನ ಇಷ್ಟಾನಿಷ್ಟಕ್ಕೆ ಕಾದು ಕೂರುವುದು ಪ್ರೀತಿಯೇ, ಉದಾಸೀನವೇ? ಈ ಆಕ್ಷೇಪಣೆಯನ್ನು ಹಗುರಾಗಿ ತಳ್ಳಿಹಾಕಬಾರದು. ಆತುರಪಡುವವರೆಲ್ಲ ಕಪಟಿಗಳಲ್ಲ. ಆದರೆ ಆತುರ ಇರಬೇಕಾದದ್ದು ಹೇಳುವವನ ಶ್ರಮದಲ್ಲಿ, ಕೇಳುವವನ ನಿರ್ಧಾರದ ಮೇಲೆ ಅದನ್ನು ಹೇರಲಾಗದು. ಕೊರಿಂಥದವರಿಗೆ ಬರೆಯುತ್ತ ಪೌಲನು ತಾನು ನೆಟ್ಟೆ, ಅಪೊಲ್ಲೋಸನು ನೀರೆರೆದ, ಬೆಳೆಸಿದವನು ದೇವರು ಎಂದು ಸ್ಪಷ್ಟಪಡಿಸುತ್ತಾನೆ. ಮನಸ್ಸು ತಿರುಗಿಸುವುದು ದೇವರ ಕೆಲಸವೆಂದು ನಂಬುವವನೇ ಒತ್ತಡ ಹಾಕಲು ಹೊರಟರೆ, ತನ್ನ ನಂಬಿಕೆಯನ್ನೇ ಅಷ್ಟರಮಟ್ಟಿಗೆ ನಿರಾಕರಿಸಿದಂತೆ.

ಇನ್ನು ನಮ್ಮ ನೆಲದ ಇತಿಹಾಸ. ಸ್ಯಾಮ್ಯುಯೆಲ್ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಹೆಬಿಕ್ ಮುಂದೆ ಕಣ್ಣೂರಿನಲ್ಲಿ ನೆಲೆಸಿ, ಮಲಬಾರಿನ ಜಾತ್ರೆಗಳಿಗೆ ಹೋಗಿ ಜನಜಂಗುಳಿಯ ನಡುವೆ ಸಾರುತ್ತಿದ್ದರು, ಏಟನ್ನೂ ತಿಂದರು. ಅವರ ಧೈರ್ಯ ದೊಡ್ಡದು. ಆದರೂ ಅವರ ಪ್ರಭಾವ ಆಳವಾಗಿ ಕಂಡದ್ದು ಕಣ್ಣೂರಿನ ದಂಡಿನ ಅಧಿಕಾರಿಗಳು ಮತ್ತು ಸಿಪಾಯಿಗಳ ನಡುವೆ. ಆ ದಂಡಿನವರ ಮನೆಬಾಗಿಲಿಗೆ ಮತ್ತೆ ಮತ್ತೆ ಹೋಗಿ, ಕೂತು ಮಾತಾಡಿ, ಜೊತೆಗೆ ಪ್ರಾರ್ಥಿಸಿದ್ದರಿಂದ ಆದದ್ದು ಅದು. 1836ರಲ್ಲಿ ಬಂದ ಹೆರ್ಮನ್ ಮೋಗ್ಲಿಂಗ್ ಹಿಡಿದ ದಾರಿ ಬೇರೆ. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಪತ್ರಿಕೆ ಅವರ ಕೈಯಲ್ಲಿ ಹೊರಟಿತು. ಮುಂದೆ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಅವರ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಕಲ್ಲಚ್ಚಿನಲ್ಲಿ ಮುದ್ರಣವಾದವು. 1853ರಲ್ಲಿ ಬಂದ ಫರ್ಡಿನಾಂಡ್ ಕಿಟೆಲ್ ಯೇಸುವಿನ ಚರಿತ್ರೆಯನ್ನು ‘ಕಥಾಮಾಲೆ’ಯಲ್ಲಿ ಕನ್ನಡದ ಛಂದಸ್ಸಿಗೆ ತಂದರು, ಕೇಶಿರಾಜನ ಶಬ್ದಮಣಿದರ್ಪಣವನ್ನೂ ನಾಗವರ್ಮನ ಛಂದಸ್ಸನ್ನೂ ಸಂಪಾದಿಸಿದರು, 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಕೊಟ್ಟರು. ಇವರ ವಿದ್ವತ್ತಿಗೆ ಮಿಷನರಿ ಉದ್ದೇಶವಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆ ಉದ್ದೇಶದ ಜೊತೆಗೇ ಅವರು ತಾವು ಒಪ್ಪದ ಪುಸ್ತಕಗಳನ್ನು ಓದುವ ವಿದ್ಯಾರ್ಥಿಗಳೂ ಆದರು ಎಂಬುದು ಮುಖ್ಯ. ಯೇಸುವನ್ನು ಒಪ್ಪದ ಕನ್ನಡಿಗರೂ ಕಿಟೆಲರನ್ನು ತಮ್ಮವರೆಂದು ಕರೆದು ಬೆಂಗಳೂರಿನಲ್ಲಿ ಅವರ ಪ್ರತಿಮೆ ನಿಲ್ಲಿಸಿದರು. ನಿಘಂಟು ಯಾರನ್ನೂ ಕ್ರೈಸ್ತರನ್ನಾಗಿ ಮಾಡಲಿಲ್ಲವಲ್ಲ ಎಂದು ಕೇಳಬಹುದು, ನಿಜ. ಆದರೆ ಕನ್ನಡದ ಕ್ರೈಸ್ತ ಕೀರ್ತನೆ, ಬೋಧನೆ, ಪ್ರಾರ್ಥನೆಗಳೆಲ್ಲ ನಿಂತಿರುವುದು ಇಂಥ ಭಾಷಾಪ್ರೀತಿಯ ಮೇಲೆ. ಕೇಳಿಸಿಕೊಂಡವರ ಮಾತಿಗೆ ಕಿವಿಗೊಡುವವರು ಸಿಕ್ಕುತ್ತಾರೆ.

ಅದೇ ಮಿಷನ್ನಿನ ಚರಿತ್ರೆಯಲ್ಲಿ ಕಷ್ಟದ ಅಧ್ಯಾಯವೂ ಇದೆ. 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ತರುಣ ದೀಕ್ಷಾಸ್ನಾನ ಪಡೆದಾಗ ಮಂಗಳೂರಿನಲ್ಲಿ ದೊಡ್ಡ ಕೋಲಾಹಲವಾಯಿತು. ನಂಬಿಕೆ ಬದಲಿಸಿದವರಿಗೆ ಮನೆ, ಜಾತಿ, ಕಸುಬು ಮೂರೂ ತಪ್ಪುತ್ತಿದ್ದವು. ಅವರಿಗೆ ಬದುಕು ಕಟ್ಟಿಕೊಡಲೆಂದು ಮಿಷನ್ ನೇಯ್ಗೆಯನ್ನೂ 1865ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ಆರಂಭಿಸಿತು. ಬೀದಿಗೆ ಬಿದ್ದವನಿಗೆ ಕೆಲಸ ಕೊಡುವುದು ಆಮಿಷವಲ್ಲ, ಕರ್ತವ್ಯ. ಆದರೆ ಧಣಿಯೂ ಗುರುವೂ ಒಂದೇ ಸಂಸ್ಥೆಯವರಾದಾಗ ಕೆಲಸಗಾರನ ‘ಹೌದು’ ಎಷ್ಟು ಅವನದು, ಎಷ್ಟು ಸಂಬಳದ್ದು ಎಂದು ಹೇಳುವುದು ಕಷ್ಟವಾಗುತ್ತದೆ. ಕೊಡುವವರ ಒಳ್ಳೆಯತನದಿಂದಷ್ಟೇ ಈ ತೊಡಕು ಬಿಡಿಸಿಕೊಳ್ಳುವುದಿಲ್ಲ, ಕೊಡುವ ವ್ಯವಸ್ಥೆಯನ್ನೇ ಬೇರೆ ರೀತಿ ರೂಪಿಸಬೇಕು.

ಪಂಡಿತಾ ರಮಾಬಾಯಿಯ ಉದಾಹರಣೆ ಇದನ್ನು ಇನ್ನೂ ಸ್ಪಷ್ಟಪಡಿಸುತ್ತದೆ. ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಈಕೆ 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದು, 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಅಲ್ಲಿ ಮತಬೋಧನೆ ಇರುವುದಿಲ್ಲವೆಂದು ಮಾತು ಕೊಟ್ಟಿದ್ದರು. ಸದನ ಪುಣೆಗೆ ಹೋದ ಮೇಲೆ, ರಮಾಬಾಯಿಯ ಖಾಸಗಿ ಪ್ರಾರ್ಥನೆಗೆ ಕೆಲವು ಹುಡುಗಿಯರು ತಾವಾಗಿ ಬಂದು ಕೂರತೊಡಗಿದರು. ಬಂದವರಿಗೆ ಬಾಗಿಲು ಮುಚ್ಚುವುದಿಲ್ಲ ಎಂಬುದು ರಮಾಬಾಯಿಯ ನಿಲುವು. ಇದು ದೊಡ್ಡ ವಿವಾದವಾಗಿ 1893ರಲ್ಲಿ ಸಮಾಜ ಸುಧಾರಕರಾದ ರಾನಡೆ, ಭಂಡಾರಕರ್ ಸದನದ ಸಲಹಾ ಸಮಿತಿಯಿಂದ ಹೊರಬಂದರು, ಹಲವರು ತಮ್ಮ ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ರಮಾಬಾಯಿ ಯಾರನ್ನೂ ಬಲವಂತಪಡಿಸಿದವರಲ್ಲ. ವಿಧವೆಗೂ ತನ್ನ ಮನಸ್ಸಿನಂತೆ ನಂಬುವ ಹಕ್ಕಿದೆ ಎಂಬ ಅವರ ಪಟ್ಟು ಆ ಕಾಲಕ್ಕೆ ಕ್ರಾಂತಿಯೇ ಸರಿ. ಆದರೂ ತಲೆಯ ಮೇಲಿನ ಸೂರು ಯಾರ ಕೈಯಲ್ಲಿದೆಯೋ ಅವರ ದೇವರೇ ತನ್ನ ದೇವರೆಂದು ಎಳೆಯ ಮನಸ್ಸಿಗೆ ಅನಿಸಬಹುದು ಎಂಬ ವಿರೋಧಿಗಳ ಆತಂಕವೂ ಪೂರ್ತಿ ಹುಸಿಯಲ್ಲ. ಆಶ್ರಯ ಕೊಟ್ಟವರು ತಮ್ಮ ನಂಬಿಕೆಯ ಬಗ್ಗೆ ದುಪ್ಪಟ್ಟು ಎಚ್ಚರ ವಹಿಸಬೇಕು ಎಂಬುದು ಇಲ್ಲಿಂದ ಕಲಿಯಬೇಕಾದ ಪಾಠ.

ಹಾಗಾದರೆ ಸೇವೆಯನ್ನೇ ನಿಲ್ಲಿಸಬೇಕೇ? ಇದು ಎರಡನೆಯ ಆಕ್ಷೇಪಣೆ. ಬಡವನ ಮತಾಂತರವೆಲ್ಲ ಅಕ್ಕಿಗಾಗಿ ಎನ್ನುವವರು ಬಡವನಿಗೆ ಆತ್ಮಸಾಕ್ಷಿಯೇ ಇಲ್ಲವೆಂದು ಮೊದಲೇ ತೀರ್ಮಾನಿಸಿರುತ್ತಾರೆ. 1935ರಲ್ಲಿ ಯೇವಲೆಯಲ್ಲಿ ಹಿಂದೂವಾಗಿ ಸಾಯುವುದಿಲ್ಲವೆಂದು ಸಾರಿದ ಅಂಬೇಡ್ಕರರು 1956ರಲ್ಲಿ ನಾಗಪುರದಲ್ಲಿ ಬೌದ್ಧರಾದರು. ನಡುವಿನ ಇಪ್ಪತ್ತೊಂದು ವರ್ಷ ಅವರು ನಡೆಸಿದ ಓದು, ತುಲನೆ, ಚಿಂತನೆಗಳು, ತುಳಿತಕ್ಕೊಳಗಾದವರಲ್ಲಿ ಹೊಟ್ಟೆ ಮಾತ್ರವಲ್ಲ, ವಿಚಾರವೂ ಇದೆ ಎಂಬುದಕ್ಕೆ ಸಾಕ್ಷಿ. ಆದ್ದರಿಂದ ಸೇವೆ ನಿಲ್ಲಬೇಕಾಗಿಲ್ಲ, ಅದಕ್ಕೆ ಅಂಟಿದ ಷರತ್ತು ನಿಲ್ಲಬೇಕು. ವ್ಯಾಟಿಕನ್, ಚರ್ಚುಗಳ ವಿಶ್ವಮಂಡಳಿ, ವಿಶ್ವ ಇವಾಂಜೆಲಿಕಲ್ ಒಕ್ಕೂಟ ಮೂರೂ ಸೇರಿ 2011ರಲ್ಲಿ ಹೊರಡಿಸಿದ ಸಾಕ್ಷಿಯ ನಡವಳಿಕೆಯ ದಾಖಲೆ, ಬಡತನವನ್ನು ಬಳಸಿಕೊಳ್ಳುವ ಆಮಿಷವನ್ನು ತಿರಸ್ಕರಿಸುತ್ತದೆ. ಧರ್ಮ ಬದಲಿಸುವವರಿಗೆ ಯೋಚಿಸಲು ಸಾಕಷ್ಟು ಸಮಯ ಸಿಗಬೇಕೆಂದೂ ಹೇಳುತ್ತದೆ. ಅದಕ್ಕೂ ನೂರು ವರ್ಷ ಮೊದಲೇ, 1910ರ ಎಡಿನ್‌ಬರೋ ಮಿಷನರಿ ಸಮ್ಮೇಳನದಲ್ಲಿ, ಭಾರತೀಯ ಪಾದ್ರಿ ವೇದನಾಯಗಂ ಅಜರಯ್ಯ ಇನ್ನೊಂದು ಸೂಕ್ಷ್ಮವನ್ನು ಎತ್ತಿ ತೋರಿಸಿದ್ದರು. ಮಿಷನರಿಗಳ ತ್ಯಾಗವನ್ನು ಹೊಗಳಿ, ನಮಗೆ ಬೇಕಾದದ್ದು ಸ್ನೇಹ ಎಂದು ಅವರು ಕೇಳಿಕೊಂಡರು. ಕೊಡುವ ಕೈ ಯಾವಾಗಲೂ ಮೇಲೆಯೇ ಇದ್ದರೆ ಅಲ್ಲಿ ಉಪಕಾರ ಇರಬಹುದು, ಪ್ರೀತಿ ಬೆಳೆಯಲು ಸರಿಸಮನಾಗಿ ಕೂರಬೇಕು.

ಕಾನೂನಿನ ಮಾತೂ ಬರುತ್ತದೆ. ಸಂವಿಧಾನದ 25ನೆಯ ವಿಧಿ ಧರ್ಮವನ್ನು ನಂಬುವ, ಆಚರಿಸುವ, ಪ್ರಸಾರ ಮಾಡುವ ಹಕ್ಕು ಕೊಡುತ್ತದೆ. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ‘ಪ್ರಸಾರ’ ಎಂಬುದಕ್ಕೆ ವಿರೋಧ ಬಂದಾಗ, ಟಿ.ಟಿ. ಕೃಷ್ಣಮಾಚಾರಿಯವರು ತಾವು ಹದಿನಾಲ್ಕು ವರ್ಷ ಕ್ರೈಸ್ತ ಸಂಸ್ಥೆಗಳಲ್ಲಿ ಓದಿದರೂ ತಮ್ಮನ್ನು ಮತಾಂತರಿಸುವ ಯತ್ನ ನಡೆಯಲಿಲ್ಲವೆಂದು ನೆನಪಿಸಿ ಅದರ ಪರ ನಿಂತರು. ಒತ್ತಾಯವಿಲ್ಲದ ಶಾಲೆಯೇ ಅಂದು ಸಾರುವ ಹಕ್ಕಿಗೆ ವಕೀಲನಾಯಿತು ಎಂಬುದು ಗಮನಾರ್ಹ. 1977ರ ಸ್ಟೇನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ತತ್ತ್ವಗಳನ್ನು ವಿವರಿಸಿ ಹರಡುವ ಹಕ್ಕು ಉಂಟು, ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಇಲ್ಲ ಎಂದಿತು. ಅನೇಕ ಕ್ರೈಸ್ತರಿಗೆ ಇದು ನೋವು ತಂದಿತು. ಆದರೆ ಮತಾಂತರ ಸಾರುವವನ ಹಕ್ಕಲ್ಲ, ಕೇಳುವವನ ಹಕ್ಕು ಎಂದು ಓದಿಕೊಂಡರೆ ಸುವಾರ್ತೆಗೆ ನಷ್ಟವೇನಿಲ್ಲ. ಅದೇ ನ್ಯಾಯದಿಂದ, ನಂಬಿಕೆ ಬದಲಿಸುವವನು ಸರ್ಕಾರಕ್ಕೆ ಮುಂಗಡ ತಿಳಿಸಿ ವಿಚಾರಣೆಗೆ ನಿಲ್ಲಬೇಕೆಂಬ ನಿಯಮವೂ ಕೇಳುಗನ ಸ್ವಾತಂತ್ರ್ಯವನ್ನು ಮೊಟಕುಮಾಡುತ್ತದೆ. ಹಿಮಾಚಲದ ಉಚ್ಚ ನ್ಯಾಯಾಲಯ 2012ರಲ್ಲಿ ಅಂಥ ನಿಯಮವನ್ನು ರದ್ದುಮಾಡಿದ್ದು ಇದಕ್ಕಾಗಿಯೇ. ಸ್ವಾತಂತ್ರ್ಯವನ್ನು ಮಿಷನರಿಯಿಂದ ಕಾಪಾಡಬೇಕಾದಂತೆ ಅಧಿಕಾರಿಯಿಂದಲೂ ಕಾಪಾಡಬೇಕು.

ಕೊನೆಯ ಆಕ್ಷೇಪಣೆ ಗಾಂಧಿಯವರ ನೆನಪಿನೊಡನೆ ಬರುತ್ತದೆ: ಸುಮ್ಮನೆ ಒಳ್ಳೆಯವರಾಗಿ ಬಾಳಿದರೆ ಸಾಲದೇ, ಹೇಳುವುದೇಕೆ? ಕ್ರೈಸ್ತಧರ್ಮ ಭಾರತದ ಮನಸ್ಸಿಗೆ ಹತ್ತಿರವಾಗುವುದು ಹೇಗೆಂದು ಅಮೆರಿಕದ ಮಿಷನರಿ ಸ್ಟ್ಯಾನ್ಲಿ ಜೋನ್ಸ್ ಕೇಳಿದಾಗ ಗಾಂಧೀಜಿ ಕೊಟ್ಟ ಸಲಹೆಗಳು ಜೋನ್ಸರ 1925ರ ಪುಸ್ತಕದಲ್ಲಿವೆ. ಯೇಸುವಿನಂತೆ ಬಾಳಿ, ಬೋಧೆಯನ್ನು ಸಡಿಲಗೊಳಿಸದೆ ಆಚರಿಸಿ, ಪ್ರೀತಿಗೆ ಒತ್ತು ಕೊಡಿ, ಇತರ ಧರ್ಮಗಳನ್ನು ಸಹಾನುಭೂತಿಯಿಂದ ಅಧ್ಯಯನ ಮಾಡಿ ಎಂಬುದು ಅವುಗಳ ಸಾರ. ಸಡಿಲಗೊಳಿಸಬೇಡಿ ಎಂಬ ಸಲಹೆ ಮಿಕ್ಕವುಗಳ ನಡುವೆ ಮರೆಯಾಗಬಾರದು. ಕೇಳಿಸಿಕೊಳ್ಳುವುದೆಂದರೆ ತನ್ನ ನಂಬಿಕೆಯನ್ನು ತೆಳುಮಾಡುವುದಲ್ಲ. ಜೋನ್ಸರು ಈ ಸಲಹೆ ಕೇಳಿ ಸಾರುವುದನ್ನು ನಿಲ್ಲಿಸಲಿಲ್ಲ. ವಿವಿಧ ಧರ್ಮದವರನ್ನು ದುಂಡುಮೇಜಿನ ಸುತ್ತ ಕೂರಿಸಿ, ವಾದ ಬಿಟ್ಟು ಧರ್ಮ ನಿಮ್ಮ ಬದುಕಿನಲ್ಲಿ ಏನು ಮಾಡಿದೆ ಹೇಳಿ ಎಂದು ಎಲ್ಲರನ್ನೂ ಕೇಳಿದರು, ತಮ್ಮ ಸರದಿಯಲ್ಲಿ ಯೇಸುವಿನ ಬಗ್ಗೆ ನೇರವಾಗಿ ಹೇಳಿದರು. ತಾನು ಅತಿ ಬೆಲೆಯುಳ್ಳದ್ದೆಂದು ತಿಳಿದದ್ದನ್ನು ನೆರೆಯವನಿಂದ ಮರೆಮಾಚುವುದೂ ಒಂದು ಬಗೆಯ ದೂರವೇ. ಹೇಳಬೇಕು, ಆದರೆ ಹೇಳುವ ಸರದಿಯನ್ನು ಎದುರಿನವನಿಗೂ ಕೊಟ್ಟು ಹೇಳಬೇಕು.

ಈ ವಾದವನ್ನು ಒಪ್ಪುವ ಸಭೆ ತನ್ನ ವಾರ್ಷಿಕ ವರದಿಯಲ್ಲಿ ಬೇರೆ ಪ್ರಶ್ನೆಗಳನ್ನು ಕೇಳಿಕೊಳ್ಳಬೇಕಾಗುತ್ತದೆ. ನಮ್ಮ ಆಸ್ಪತ್ರೆಯಲ್ಲಿ, ಶಾಲೆಯಲ್ಲಿ ಪ್ರಾರ್ಥನೆಗೆ ಬಾರದವರಿಗೂ ಅದೇ ಆರೈಕೆ, ಅದೇ ಅಂಕ ಸಿಗುತ್ತಿದೆಯೇ? ನೆರೆಯವರ ಧರ್ಮಗ್ರಂಥವನ್ನು ನಮ್ಮಲ್ಲಿ ಎಷ್ಟು ಮಂದಿ ಓದಿದ್ದೇವೆ? ಹಬ್ಬದ ದಿನ ಅವರ ದೇವರನ್ನು ಹೀಗಳೆಯುವ ಕರಪತ್ರ ನಮ್ಮ ಹೆಸರಿನಲ್ಲಿ ಹೊರಟಿದೆಯೇ? ದೀಕ್ಷಾಸ್ನಾನ ಕೇಳಿದವರಿಗೆ ಯೋಚಿಸಲು, ಮನೆಯವರೊಡನೆ ಮಾತಾಡಲು ಸಮಯ ಕೊಟ್ಟೆವೇ? ಎಲ್ಲಕ್ಕಿಂತ ಮಿಗಿಲಾಗಿ, ನಮ್ಮ ಮಾತು ಕೇಳಿ ‘ಬೇಡ’ ಎಂದವರೊಡನೆ ನಮ್ಮ ಸ್ನೇಹ ಮುಂದುವರಿದಿದೆಯೇ? ಈ ಪ್ರಶ್ನೆಗೆ ಹೌದೆನ್ನಬಲ್ಲ ಸಭೆಗೆ ಸಾರುವ ನೈತಿಕ ಅಧಿಕಾರ ತಾನಾಗಿ ಬರುತ್ತದೆ. ಇಲ್ಲವೆನ್ನಬೇಕಾದ ಸಭೆಯ ಪಟ್ಟಿಯಲ್ಲಿ ಹೊಸ ಹೆಸರು ಎಷ್ಟೇ ಸೇರಿರಲಿ, ಅದು ಯೇಸುವಿನ ರೀತಿಯನ್ನು ಇನ್ನೂ ಕಲಿಯಬೇಕಾಗಿದೆ.