ಮರೆವಿನವರಿಗೊಂದು ಮನೆ

ನಮ್ಮ ತಾಯಿ ಹುಣಸೂರಿನ ಸ್ವಂತ ಮನೆಯಲ್ಲಿದ್ದುಕೊಂಡೇ, ಸಂಜೆಯಾದರೆ ‘ಮನೆಗೆ ಹೋಗಬೇಕು, ಬಾಗಿಲು ತೆಗಿ’ ಎನ್ನುತ್ತಿದ್ದರು. ವೈದ್ಯರು ಡಿಮೆನ್ಷಿಯಾ ಎಂದರು. ಇದು ಬರಿಯ ಅರಳುಮರಳಲ್ಲ, ಮಿದುಳಿನ ಕಾಯಿಲೆ. ಹೊತ್ತು ಇಳಿದಂತೆ ತಳಮಳ ಹೆಚ್ಚುವುದುಂಟು.

ಸಾಮಾನ್ಯ ವೃದ್ಧಾಶ್ರಮಗಳು ಇಂಥವರನ್ನು ಸೇರಿಸಿಕೊಳ್ಳಲು ಹಿಂಜರಿಯುವುದುಂಟು. ಬೆಂಗಳೂರಿನ ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಸಂಸ್ಥೆ 2010ರಲ್ಲಿ ಇವರಿಗಾಗಿಯೇ ಆರೈಕೆ ಕೇಂದ್ರ ತೆರೆಯಿತು. ಎಲ್ಲಿಗೇ ಸೇರಿಸುವುದಿದ್ದರೂ, ನೀವು ಮೊದಲು ಮುಸ್ಸಂಜೆಯ ಹೊತ್ತಿಗೆ ಹೋಗಿ ನೋಡಿ. ಹಗಲಿನ ಅಚ್ಚುಕಟ್ಟನ್ನು ಯಾರು ಬೇಕಾದರೂ ತೋರಿಸಿಯಾರು! ಆಗ ಎಷ್ಟು ಮಂದಿ ದಾದಿಯರಿರುತ್ತಾರೆ? ಮನೆಗೆ ಹೋಗಬೇಕೆಂದವರನ್ನು ಗದರುತ್ತಾರೆಯೆ, ಕೈಹಿಡಿದು ನಾಲ್ಕು ಹೆಜ್ಜೆ ನಡೆಸುತ್ತಾರೆಯೆ? ನಮ್ಮ ಕಡೆಯ ಕನ್ನಡ ಬಲ್ಲವರುಂಟೆ? ಹೊಸದು ನಿಲ್ಲದ ತಲೆಗೆ ಹಳೆಯ ಮಾತೇ ಆಸರೆ.

ನಾನು ನೋಡಿದ ಒಂದು ಕಡೆ ಸಂಜೆ ಉತ್ತರ ಹೇಳುವವರೇ ಇರಲಿಲ್ಲ. ತಾಯಿಯನ್ನು ಅಲ್ಲಿ ಬಿಡಲು ಮನಸ್ಸಾಗಲಿಲ್ಲ.