ಗರಡಿ ಮನೆಗೆ ಕಬ್ಬಿಣದ ಜೊತೆಗೆ ಬೇಕಾದುದು: ಶಕ್ತಿ ತರಬೇತಿಯ ವೈಜ್ಞಾನಿಕ ಮೂಲತತ್ತ್ವಗಳು

(ಯರಗಟ್ಟಿಯಲ್ಲಿ ಗ್ರಾಮ ಪಂಚಾಯತಿ ಸದಸ್ಯರ ಸಭೆಯಲ್ಲಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ. ಸದಸ್ಯರ ಮಾಹಿತಿಗಾಗಿ ಪ್ರಕಟಿಸಲಾಗಿದೆ.)



ನಮ್ಮ ಸಾಮಾನ್ಯ ಸಭೆಗಳಿಗೆ ಯುವಕರಿಂದ ಬರುವ ಅರ್ಜಿಗಳಲ್ಲಿ ಒಂದು ಬೇಡಿಕೆ ಪದೇ ಪದೇ ಕಾಣುತ್ತದೆ. ವ್ಯಾಯಾಮ ಶಾಲೆ ಕಟ್ಟಿಸಿಕೊಡಿ, ಜಿಮ್ ಸಾಮಾನು ಕೊಡಿಸಿ ಎಂಬುದೇ ಆ ಬೇಡಿಕೆ. ಅದು ನ್ಯಾಯವಾದುದೇ. ಆದರೆ ಸಾಮಾನು ಬಂದ ಮೇಲೆ ಅದನ್ನು ಯಾರು, ಯಾರಿಂದ, ಎಷ್ಟು, ಎಷ್ಟು ದಿನಕ್ಕೊಮ್ಮೆ ಎತ್ತಿಸಬೇಕು ಎಂಬ ಪ್ರಶ್ನೆ ನಮ್ಮ ನಡಾವಳಿ ಪುಸ್ತಕದಲ್ಲಿ ಎಲ್ಲಿಯೂ ದಾಖಲಾಗುವುದಿಲ್ಲ. ಖರೀದಿಯ ಠರಾವು ಬರೆಯುವ ಮೊದಲು ಆ ಪ್ರಶ್ನೆಯನ್ನು ಕೇಳಬೇಕೆಂಬುದು ನನ್ನ ಇಂದಿನ ವಿನಂತಿ.

ನಮ್ಮ ನಾಡಿಗೆ ವ್ಯಾಯಾಮ ಹೊಸದಲ್ಲ. ಸಂಗೊಳ್ಳಿ ರಾಯಣ್ಣನ ಹೆಸರಿನೊಡನೆಯೇ ಗರಡಿಯ ನೆನಪು ಬೆರೆತಿದೆ. ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಜಾತ್ರೆಗಳಲ್ಲಿ ಕುಸ್ತಿಯ ಕಣ, ಸಂಗ್ರಾಣಿ ಕಲ್ಲು, ಚೀಲ ಎತ್ತುವ ಪಂದ್ಯ ಇಂದಿಗೂ ಜನ ಸೇರಿಸುತ್ತವೆ. ಕಿತ್ತೂರು ಉತ್ಸವದಲ್ಲಿ ಕುಸ್ತಿಗೆ ತನ್ನದೇ ಸ್ಥಾನವಿದೆ. ಬದಲಾದುದು ಗರಡಿಗೆ ಬರುವವರ ಉದ್ದೇಶ. ಈಗ ಬೆಳಗಿನ ಐದು ಗಂಟೆಗೆ ಓಡುವ ಹುಡುಗರಲ್ಲಿ ಹೆಚ್ಚಿನವರ ಕಣ್ಣು ಇರುವುದು ಪೊಲೀಸ್ ನೇಮಕಾತಿ ಮತ್ತು ಸೈನ್ಯ ಭರ್ತಿಯ ಮೇಲೆ. ಅಗ್ನಿಪಥ ಯೋಜನೆ 2022ರ ಜೂನ್‌ನಲ್ಲಿ ಘೋಷಣೆಯಾದಾಗ ನಿಗದಿಯಾದ ವಯೋಮಿತಿ ಹದಿನೇಳೂವರೆಯಿಂದ 21 ವರ್ಷ. 1.6 ಕಿಲೋಮೀಟರನ್ನು ಐದೂವರೆ ನಿಮಿಷದಲ್ಲಿ ಓಡಿದವನಿಗೆ ಪೂರ್ಣ 60 ಅಂಕ, ಹತ್ತು ಬಾರಿ ತೊಲೆ ಹಿಡಿದು ಮೈ ಎತ್ತಿದವನಿಗೆ 40 ಅಂಕ. ನಮ್ಮ ರಾಜ್ಯದ ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಯಲ್ಲಿ ಪುರುಷರಿಗೆ 1600 ಮೀಟರನ್ನು ಆರೂವರೆ ನಿಮಿಷದೊಳಗೆ ಮುಗಿಸುವ ನಿಯಮ. ಒಬ್ಬ ರೈತನ ಮಗನಿಗೆ ಇಂಥ ಅವಕಾಶ ಬದುಕಿನಲ್ಲಿ ಎರಡು, ಹೆಚ್ಚೆಂದರೆ ಮೂರು ಬಾರಿ ಸಿಗುತ್ತದೆ. ಪರೀಕ್ಷೆಗೆ ಹದಿನೈದು ದಿನ ಇರುವಾಗ ಮೊಣಕಾಲ ಕೆಳಗಿನ ಎಲುಬು ಬಿರುಕು ಬಿಟ್ಟರೆ ಆ ವರ್ಷ ಹೋದಂತೆಯೇ. ಕೆಲವರಿಗೆ ಅದು ಕೊನೆಯ ವರ್ಷವೂ ಆಗಿರುತ್ತದೆ.

ವ್ಯಾಯಾಮ ವಿಜ್ಞಾನದ ಮೊದಲ ತತ್ತ್ವ ಒಕ್ಕಲುತನ ಮಾಡುವವರಿಗೆ ತಿಳಿಯದ್ದಲ್ಲ. ಎಳೆಯ ಹೋರಿಯನ್ನು ಪಳಗಿಸುವಾಗ ಮೊದಲ ದಿನವೇ ರಂಟೆಗೆ ಹೂಡುವುದಿಲ್ಲ. ಹಗುರವಾದುದನ್ನು ಎಳೆಸಿ, ಹೆಗಲು ಗಟ್ಟಿಯಾದಂತೆ ಭಾರ ಏರಿಸುತ್ತೇವೆ. ಪ್ರಾಚೀನ ಗ್ರೀಕ್ ಜಟ್ಟಿ ಮೈಲೋ ಎಂಬವನು ಒಂದು ಕರುವನ್ನು ದಿನವೂ ಹೊತ್ತು, ಅದು ಎತ್ತಾಗುವ ಹೊತ್ತಿಗೆ ಎತ್ತನ್ನೇ ಹೊರುವಷ್ಟು ಬಲಶಾಲಿಯಾದನೆಂಬ ಕಥೆಯಿದೆ. ಕಥೆ ಚೆನ್ನಾಗಿದೆ, ಆದರೆ ಪೂರ್ತಿ ನಂಬತಕ್ಕದ್ದಲ್ಲ. ಮನುಷ್ಯನ ಬಲ ಕರುವಿನ ತೂಕದಂತೆ ದಿನದಿನವೂ ತಪ್ಪದೆ ಏರುವುದಿಲ್ಲ. ಈ ತತ್ತ್ವಕ್ಕೆ ಲೆಕ್ಕದ ರೂಪ ಕೊಟ್ಟವರಲ್ಲಿ ಮುಖ್ಯನಾದವನು ಅಮೆರಿಕದ ಸೈನ್ಯದ ವೈದ್ಯ ಥಾಮಸ್ ಡಿಲಾರ್ಮ್. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರ ದುರ್ಬಲ ಕಾಲುಗಳಿಗೆ ಆತ ಭಾರ ಎತ್ತಿಸಿ ಚಿಕಿತ್ಸೆ ನೀಡಿ, 1945ರಲ್ಲಿ ಅದರ ಫಲಿತಾಂಶ ಪ್ರಕಟಿಸಿದ. ಹತ್ತು ಬಾರಿ ಎತ್ತಲು ಆಗಿ, ಹನ್ನೊಂದನೆಯ ಬಾರಿ ಆಗದಂಥ ಭಾರವನ್ನು ಅಳತೆಗೋಲಾಗಿ ಹಿಡಿಯುವುದು ಆತನ ಕ್ರಮ. ಇಂದಿನ ತಜ್ಞರು ಹೇಳುವುದೂ ಇದರ ಮುಂದುವರಿಕೆಯೇ: ಗೊತ್ತುಪಡಿಸಿದ ಸಂಖ್ಯೆಗಿಂತ ಒಂದೆರಡು ಬಾರಿ ಹೆಚ್ಚು ಎತ್ತುವುದು ಸಲೀಸಾದಾಗ ಭಾರವನ್ನು ಶೇಕಡಾ 2ರಿಂದ 10ರಷ್ಟು ಮಾತ್ರ ಏರಿಸಬೇಕು.

ಇಲ್ಲಿ ನಮ್ಮ ಹಳೆಯ ಸಾಧನಗಳ ಒಂದು ಕೊರತೆ ಕಾಣುತ್ತದೆ. ಗರಡಿಯಲ್ಲಿ ಒಂದು ಗುಂಡುಕಲ್ಲಿಗೂ ಮುಂದಿನ ಗುಂಡುಕಲ್ಲಿಗೂ ನಡುವೆ ಹತ್ತಿಪ್ಪತ್ತು ಕಿಲೋ ಅಂತರವಿರುತ್ತದೆ. ಆ ಒಂದೇ ಜಿಗಿತದಲ್ಲಿ ಹುಡುಗನ ಸೊಂಟ ಹಿಡಿದುಕೊಳ್ಳುತ್ತದೆ. ಇದಕ್ಕೆ ದುಬಾರಿ ಯಂತ್ರ ಬೇಕಿಲ್ಲ. ಗಟ್ಟಿ ಚೀಲಗಳಲ್ಲಿ ಮರಳು ತುಂಬಿ, ಹಿಟ್ಟಿನ ಗಿರಣಿಯ ತಕ್ಕಡಿಯಲ್ಲಿ ತೂಗಿ, ಎರಡೆರಡು ಕಿಲೋ ವ್ಯತ್ಯಾಸದಲ್ಲಿ ಹೊಲಿದು, ಮೇಲೆ ಬಣ್ಣದಲ್ಲಿ ತೂಕ ಬರೆದಿಟ್ಟರೆ ಸಾಕು.

ಎರಡನೆಯ ತತ್ತ್ವ ವಿಶ್ರಾಂತಿಯದು. ನನ್ನ ಅನುಭವದಲ್ಲಿ ಹೆಚ್ಚು ಉಲ್ಲಂಘನೆಯಾಗುವುದು ಇದೇ. ನಾನು ಓದಿದ್ದು ಸಿವಿಲ್ ಇಂಜಿನಿಯರಿಂಗ್, ಆದುದರಿಂದ ನನಗೆ ಹೊಳೆಯುವ ಹೋಲಿಕೆಯೂ ಅಲ್ಲಿಯದೇ. ಸಿ.ಸಿ. ರಸ್ತೆಯ ಕಾಂಕ್ರೀಟ್ ಸುರಿದ ಗಳಿಗೆಯಲ್ಲಿ ಗಟ್ಟಿಯಾಗುವುದಿಲ್ಲ. ಗೋಣಿತಾಟು ಹೊದಿಸಿ, ನೀರುಣಿಸಿ, ಗಾಡಿ ಓಡಾಡದಂತೆ ತಡೆದ ದಿನಗಳಲ್ಲಿ ಅದು ಬಲ ಪಡೆಯುತ್ತದೆ. ನಾವು ಲೆಕ್ಕಕ್ಕೆ ಹಿಡಿಯುವುದು 28ನೆಯ ದಿನದ ಬಲವನ್ನು. ಮೂರನೆಯ ದಿನ ಕಬ್ಬಿನ ಟ್ರ್ಯಾಕ್ಟರ್ ಹಾಯಿಸಲು ಬಿಟ್ಟ ಗುತ್ತಿಗೆದಾರನಿಗೆ ನೀವು ಬಿಲ್ಲು ಪಾಸು ಮಾಡುವುದಿಲ್ಲ. ಸ್ನಾಯುವೂ ಹೀಗೆಯೇ. ಭಾರ ಎತ್ತುವಾಗ ಅದು ದಣಿಯುತ್ತದೆ, ಸೂಕ್ಷ್ಮವಾಗಿ ಘಾಸಿಗೊಳ್ಳುತ್ತದೆ. ಬಲಗೊಳ್ಳುವುದು ಆಮೇಲಿನ ಊಟದಲ್ಲಿ, ನಿದ್ರೆಯಲ್ಲಿ. ಆದ್ದರಿಂದ ಒಂದೇ ಅಂಗಕ್ಕೆ ಕಠಿಣ ಶ್ರಮ ಕೊಟ್ಟ ಮೇಲೆ ಸುಮಾರು 48 ಗಂಟೆ ಬಿಡಬೇಕು. ಹದಿಹರೆಯದವನಿಗೆ ರಾತ್ರಿ ಎಂಟು ಗಂಟೆಗಿಂತ ಕಡಿಮೆಯಿಲ್ಲದ ನಿದ್ರೆ ಬೇಕು. ರಾತ್ರಿ ಹನ್ನೆರಡರವರೆಗೆ ಮೊಬೈಲ್ ಹಿಡಿದು ನಸುಕಿನ ನಾಲ್ಕೂವರೆಗೆ ಎದ್ದು ಓಡುವವನ ಶಿಸ್ತನ್ನು ನಾವು ಹೊಗಳುತ್ತೇವೆ. ಆತನ ದೇಹ ಅದನ್ನು ಶಿಸ್ತೆಂದು ಗಣಿಸುವುದಿಲ್ಲ.

ಎಲುಬಿನ ವಿಷಯ ಇನ್ನೂ ನಾಜೂಕು. 1860ರ ದಶಕದಲ್ಲಿ ಜ್ಯೂರಿಚ್ ನಗರದಲ್ಲಿ ವಾನ್ ಮೇಯರ್ ಎಂಬ ಶರೀರಶಾಸ್ತ್ರಜ್ಞನು ಸೀಳಿದ ತೊಡೆಯೆಲುಬಿನ ಒಳರಚನೆಯನ್ನು ತೋರಿಸಿದಾಗ, ಕುಲ್ಮನ್ ಎಂಬ ಇಂಜಿನಿಯರ್ ಅದು ತಾನು ಕ್ರೇನಿನ ತೋಳಿಗೆ ಎಳೆಯುವ ಒತ್ತಡದ ಗೆರೆಗಳಂತೆಯೇ ಇದೆ ಎಂದು ಗುರುತಿಸಿದನು. ಎಲುಬು ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನನ್ನು ಮರುಕಟ್ಟಿಕೊಳ್ಳುತ್ತದೆ. ಆದರೆ ಮರುಕಟ್ಟುವ ಮೊದಲು ಹಳೆಯದನ್ನು ಕೆಡವುತ್ತದೆ. ಓಟವನ್ನು ಹಠಾತ್ತಾಗಿ ಹೆಚ್ಚಿಸಿದ ಕೆಲವು ವಾರಗಳ ತರುವಾಯ, ಹಳೆಯದು ಬಿದ್ದು ಹೊಸದು ಇನ್ನೂ ಏಳದ ಆ ನಡುಗಾಲದಲ್ಲಿ ಎಲುಬು ಮೊದಲಿಗಿಂತ ದುರ್ಬಲವಾಗಿರುತ್ತದೆ. ಅದೇ ವೇಳೆಗೆ ಉಸಿರು, ಸ್ನಾಯುಗಳು ಹದಕ್ಕೆ ಬಂದಿರುವುದರಿಂದ ಹುಡುಗ ಮತ್ತಷ್ಟು ಓಡುತ್ತಾನೆ. 1855ರಲ್ಲಿಯೇ ಪ್ರಷ್ಯದ ಸೈನ್ಯದ ವೈದ್ಯ ಬ್ರೈಟ್‌ಹಾಪ್ಟ್ ದೂರದ ನಡಿಗೆಯ ಅನಂತರ ಸೈನಿಕರ ಪಾದ ನೋಯುವುದನ್ನು ದಾಖಲಿಸಿದ್ದನು. ಅದು ಎಲುಬಿನ ಬಿರುಕೆಂದು ಕ್ಷ-ಕಿರಣ ಬಂದ ಮೇಲೆ ತಿಳಿಯಿತು. ಮೊಣಕಾಲ ಕೆಳಗೆ ಎಲುಬಿನ ಒಂದೇ ಬಿಂದುವಿನಲ್ಲಿ ಬೆರಳಿಟ್ಟರೆ ನೋಯುವುದು, ವಿಶ್ರಾಂತಿಯಲ್ಲಿಯೂ ನೋವು ಉಳಿಯುವುದು ಇದರ ಗುರುತು. ಅಂಥವನಿಗೆ ಎಣ್ಣೆ ತಿಕ್ಕಿ ಮರುದಿನ ಓಡಿಸುವುದು ಬಿರುಕನ್ನು ಮುರಿತವಾಗಿಸುವ ದಾರಿ. ವೈದ್ಯರಿಗೆ ತೋರಿಸಬೇಕು.

ಇನ್ನು ಯಾವ ಗುರಿಗೆ ಯಾವ ಅಭ್ಯಾಸ ಎಂಬುದು. ದೇಹಕ್ಕೆ ಶಕ್ತಿ ಒದಗುವುದು ಮೂರು ಮೂಲಗಳಿಂದ. ಕಲ್ಲು ಎತ್ತುವ, ಗುಂಡು ಎಸೆಯುವ ಹತ್ತು ಸೆಕೆಂಡಿನ ಕೆಲಸಕ್ಕೆ ಸ್ನಾಯುವಿನೊಳಗೆ ಸಿದ್ಧವಾಗಿರುವ ದಾಸ್ತಾನು ಸಾಕು. ಒಂದೆರಡು ನಿಮಿಷದ ಬಿರುಸಿನ ಕೆಲಸಕ್ಕೆ ಸಕ್ಕರೆಯಂಶವನ್ನು ಪೂರ್ಣವಾಗಿ ಉರಿಸದೆ ಬಳಸುವ ಮಾರ್ಗವಿದೆ. ಅದಕ್ಕಿಂತ ದೀರ್ಘವಾದುದಕ್ಕೆ ಆಮ್ಲಜನಕವೇ ಆಧಾರ. 1600 ಮೀಟರ್ ಓಟದ ಬಹುಪಾಲು ಶಕ್ತಿ ಬರುವುದು ಈ ಮೂರನೆಯ ಮೂಲದಿಂದ. ಹೀಗಿರುವಾಗ ದಿನವೂ ಗಡಿಯಾರ ಹಿಡಿದು ಅದೇ 1600 ಮೀಟರನ್ನು ಜೀವ ಹೋಗುವಂತೆ ಓಡುವ ನಮ್ಮ ರೂಢಿ ಸರಿಯಾದುದಲ್ಲ. ವಾರದ ಹೆಚ್ಚಿನ ದಿನ ಪಕ್ಕದವನೊಡನೆ ಮಾತಾಡುತ್ತ ಓಡಬಲ್ಲಷ್ಟು ನಿಧಾನದ ಓಟ, ವಾರಕ್ಕೆ ಎರಡು ದಿನ ಮಾತ್ರ ವೇಗದ ತುಣುಕುಗಳು, ಎರಡು ಅಥವಾ ಮೂರು ದಿನ ಬಲದ ಅಭ್ಯಾಸ. ಇಷ್ಟನ್ನು ಆರು ತಿಂಗಳು ಮಾಡಿದವನು ಗಡಿಯಾರಕ್ಕೆ ಹೆದರಬೇಕಾಗಿಲ್ಲ.

ನಮ್ಮ ಗರಡಿಗಳ ದಂಡ, ಬೈಠಕಗಳು ಉತ್ತಮ ವ್ಯಾಯಾಮಗಳು. ಅವನ್ನು ಬಿಟ್ಟು ಯಂತ್ರದ ಮೊರೆ ಹೋಗಬೇಕೆಂದು ನಾನು ಹೇಳುತ್ತಿಲ್ಲ. ವಸ್ತಾದರ ಕಣ್ಣು ಹುಡುಗನ ದಣಿವನ್ನು ಗುರುತಿಸುವಷ್ಟು ಚೆನ್ನಾಗಿ ಯಾವ ಯಂತ್ರವೂ ಗುರುತಿಸದು. ಆಕ್ಷೇಪವಿರುವುದು ಒಂದು ಪದ್ಧತಿಯ ಬಗೆಗೆ. ಹೊಸದಾಗಿ ಬಂದವನ ಎದೆಗಾರಿಕೆ ನೋಡಲೆಂದೋ, ತಡವಾಗಿ ಬಂದುದಕ್ಕೆ ಶಿಕ್ಷೆಯೆಂದೋ ಮೊದಲ ದಿನವೇ ಐದುನೂರು ಬೈಠಕ ಹೊಡೆಸುವುದುಂಟು. ಅಭ್ಯಾಸವಿಲ್ಲದ ಸ್ನಾಯುಗಳು ಹೀಗೆ ಒಡೆದಾಗ ಅವುಗಳೊಳಗಿನ ದ್ರವ್ಯ ರಕ್ತಕ್ಕೆ ಸೇರಿ ಮೂತ್ರಪಿಂಡಗಳನ್ನು ಕೆಡಿಸಬಲ್ಲದು. ತೊಡೆ ಬಾತು, ಮೂತ್ರ ಚಹಾದ ಬಣ್ಣಕ್ಕೆ ತಿರುಗಿದರೆ ಅದು ಮೈಕೈ ನೋವಲ್ಲ. ಆ ದಿನವೇ ಆಸ್ಪತ್ರೆಗೆ ಒಯ್ಯಬೇಕು.

ಬೇಸಿಗೆಯ ಮಾತನ್ನೂ ಹೇಳಲೇಬೇಕು. ಮಾರ್ಚ್‌ನಿಂದ ಮಳೆಗಾಲದ ಆರಂಭದವರೆಗೆ ನಮ್ಮ ಎರಿ ಹೊಲದ ಸೀಮೆಯ ಬಿಸಿಲು ಎಂಥದೆಂಬುದನ್ನು ನಿಮಗೆ ವಿವರಿಸಬೇಕಿಲ್ಲ. ಶಾಖಕ್ಕೆ ದೇಹ ಹೊಂದಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಆ ಅವಧಿಯಲ್ಲಿ ಶ್ರಮವನ್ನು ತಗ್ಗಿಸಿ, ಕ್ರಮೇಣ ಏರಿಸಬೇಕು. ಓಡುತ್ತಿದ್ದವನು ತಡಬಡಿಸಿದರೆ, ಅಸಂಬದ್ಧ ಮಾತಾಡಿದರೆ, ಕುಸಿದರೆ ಬಿಸಿಲಾಘಾತವೆಂದೇ ತಿಳಿಯಬೇಕು. ಬೆವರು ನಿಂತಿರಲೇಬೇಕೆಂಬ ನಿಯಮವಿಲ್ಲ. ವ್ಯಾಯಾಮದಿಂದ ಬಂದ ಬಿಸಿಲಾಘಾತದಲ್ಲಿ ಮೈ ಬೆವರಿನಿಂದ ತೊಯ್ದಿರಲೂಬಹುದು. ಆಗ ನೆರಳಿಗೆ ಸರಿಸಿ, ಬಟ್ಟೆ ಸಡಿಲಿಸಿ, ಮೈಮೇಲೆಲ್ಲ ಧಾರಾಳವಾಗಿ ತಣ್ಣೀರು ಸುರಿಯುತ್ತ ಗಾಳಿ ಬೀಸಬೇಕು. ದನಗಳ ನೀರಿನ ತೊಟ್ಟಿ ಹತ್ತಿರವಿದ್ದರೆ, ತಲೆಯನ್ನು ಮೇಲೆ ಹಿಡಿದು ಅದರಲ್ಲಿಯೇ ಕೂರಿಸಬಹುದು. 108ಕ್ಕೆ ಕರೆ ಮಾಡಿ, ವಾಹನ ಬರುವ ತನಕ ತಂಪು ಮಾಡುವುದನ್ನು ನಿಲ್ಲಿಸಬಾರದು. ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕಕೂಡದು.

ಆಹಾರದಲ್ಲಿ ನಮಗೆ ಡಬ್ಬಿಯ ಪುಡಿಯ ಅಗತ್ಯ ಬಹಳ ಇಲ್ಲ. ಬಲದ ಅಭ್ಯಾಸ ಮಾಡುವವನಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ ಸುಮಾರು ಒಂದೂವರೆ ಗ್ರಾಂ ಪ್ರೋಟೀನ್ ಸಾಕು. ಜೋಳದ ರೊಟ್ಟಿಯೊಡನೆ ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು, ತಿನ್ನುವವರಿಗೆ ಮೊಟ್ಟೆ, ಇವುಗಳನ್ನು ಹೊಟ್ಟೆತುಂಬ ಉಂಡರೆ ಅದರ ಹೆಚ್ಚಿನ ಪಾಲು ಒದಗುತ್ತದೆ. ಬೇಗ ಮೈ ತುಂಬಿಸುತ್ತೇವೆಂದು ಮಾರುವ ಸೂಜಿಗಳು ಯಕೃತ್ತು, ಹೃದಯ, ಸಂತಾನಶಕ್ತಿಗಳಿಗೆ ಕೇಡು. ಪಂಚಾಯತಿಯ ಕಟ್ಟಡದಲ್ಲಿ ನಡೆಯುವ ವ್ಯಾಯಾಮ ಶಾಲೆಯೊಳಗೆ ಅವು ಕಂಡರೆ ಬೀಗ ಹಾಕಿಸಲು ಹಿಂಜರಿಯಬಾರದು.

ಸಹೋದರಿಯರಾದ ಸದಸ್ಯರಲ್ಲಿ ವಿಶೇಷ ವಿನಂತಿ. ಹೆಣ್ಣುಮಕ್ಕಳೂ ಈಗ ಪೊಲೀಸ್ ಭರ್ತಿಗೆ ಸಿದ್ಧರಾಗುತ್ತಿದ್ದಾರೆ. ನಮ್ಮ ರಾಜ್ಯದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆಯೆಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತಿಳಿಸುತ್ತದೆ. ಆಮ್ಲಜನಕ ಹೊರುವುದೇ ರಕ್ತವಾದುದರಿಂದ, ಅದು ಕಡಿಮೆಯಿದ್ದವಳಿಗೆ ಎಷ್ಟು ಓಡಿಸಿದರೂ ವೇಗ ಬಾರದು. ಅವಳು ಸೋಮಾರಿ ಎಂದು ಬೈಯುವುದು ಅನ್ಯಾಯ. ಅಭ್ಯಾಸ ಆರಂಭಿಸುವ ಮೊದಲು ಆಶಾ ಕಾರ್ಯಕರ್ತೆಯರ ಮೂಲಕ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿರಿ. ಕಠಿಣ ಅಭ್ಯಾಸದ ನಡುವೆ ಮುಟ್ಟು ನಿಂತುಹೋದರೆ ಅದನ್ನು ಅನುಕೂಲವೆಂದು ತಿಳಿಯದೆ, ಊಟ ಸಾಲದೆಂಬ, ಎಲುಬು ಸವೆಯುತ್ತಿದೆಯೆಂಬ ಎಚ್ಚರಿಕೆಯಾಗಿ ಕಾಣಬೇಕು. ಈ ಮಾತನ್ನು ಹುಡುಗಿ ಗಂಡಸಾದ ತರಬೇತುದಾರನಿಗೆ ಹೇಳಲಾರಳು, ನಿಮ್ಮಲ್ಲಿ ಹೇಳಿಯಾಳು.

ಹಾಗಾದರೆ ಪಂಚಾಯತಿ ಮಾಡಬೇಕಾದುದೇನು? ಯಂತ್ರಗಳ ದರಪಟ್ಟಿ ತರಿಸುವ ಮೊದಲು ಊರಿನ ವಸ್ತಾದರನ್ನೂ ಶಾಲೆಯ ದೈಹಿಕ ಶಿಕ್ಷಕರನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನೂ ಒಂದು ದಿನ ಒಟ್ಟಿಗೆ ಕೂರಿಸಿರಿ. ಪ್ರತಿಯೊಬ್ಬ ಅಭ್ಯಾಸಿಗೆ ಒಂದು ನೋಟ್‌ಬುಕ್ ಇರಲಿ. ಆ ದಿನ ಎತ್ತಿದ ಭಾರ, ಓಡಿದ ದೂರ, ನಿದ್ರೆಯ ಗಂಟೆ, ನೋವಿದ್ದರೆ ಎಲ್ಲಿ ಎಂಬುದನ್ನು ಆತನೇ ಬರೆಯಲಿ. ನೋಟ್‌ಬುಕ್‌ಗಳನ್ನು ನಮ್ಮ ಗ್ರಂಥಾಲಯದ ಅರಿವು ಕೇಂದ್ರದಲ್ಲಿ ಇಡಬಹುದು. ಅಭ್ಯಾಸದ ಸ್ಥಳದಲ್ಲಿ ನೀರು ಮತ್ತು ನೆರಳು ಇರಲೇಬೇಕು.

ಎಲ್ಲಕ್ಕಿಂತ ತುರ್ತಾದುದು ಓಡುವ ಜಾಗ. ಕಬ್ಬು ಅರೆಯುವ ಹಂಗಾಮಿನಲ್ಲಿ ಬೆಳಗಾವಿ-ಬಾಗಲಕೋಟೆ ರಸ್ತೆಯಲ್ಲಿ ನಸುಕಿನ ಕತ್ತಲೆಯಲ್ಲಿ ಹಿಂಬದಿ ದೀಪವಿಲ್ಲದ ಟ್ರೇಲರ್‌ಗಳ ಪಕ್ಕದಲ್ಲಿ ಹುಡುಗರು ಓಡುತ್ತಿರುವುದನ್ನು ನೀವೆಲ್ಲರೂ ಕಂಡಿದ್ದೀರಿ. ಅವರನ್ನು ರಸ್ತೆಯಿಂದ ಇಳಿಸಲು 200 ಮೀಟರಿನ ಮಣ್ಣಿನ ಓಟದ ಹಾದಿ ಸಾಕು. ಅದಕ್ಕೆ ಬೇಕಾದ ಜಾಗ ಸುಮಾರು 85 ಮೀಟರ್ ಉದ್ದ, 35 ಮೀಟರ್ ಅಗಲ. ಅಂದರೆ ಸುಮಾರು 30 ಗುಂಟೆ. 50 ಮೀಟರ್ ಅಂತರದಲ್ಲಿ ಎರಡು ಗೂಟ ನೆಟ್ಟು, ಪ್ರತಿ ಗೂಟಕ್ಕೆ 15.9 ಮೀಟರ್ ಹಗ್ಗ ಕಟ್ಟಿ ಹೊರಬದಿಗೆ ಅರ್ಧವೃತ್ತ ಎಳೆದು, ಅವುಗಳ ತುದಿಗಳನ್ನು ನೇರ ಗೆರೆಗಳಿಂದ ಕೂಡಿಸಿದರೆ ಆ ಗೆರೆಯ ಮೇಲಿನ ಒಂದು ಸುತ್ತು 200 ಮೀಟರ್. ಎಂಟು ಸುತ್ತಿಗೆ 1600 ಮೀಟರ್; ಐದೂವರೆ ನಿಮಿಷದ ಗುರಿಯವನಿಗೆ ಸುತ್ತಿಗೆ 41 ಸೆಕೆಂಡು, ಆರೂವರೆಯವನಿಗೆ 48. ಶಾಲಾ ಮೈದಾನದಲ್ಲಿ ಇಷ್ಟು ಜಾಗವಿರುವ ಗ್ರಾಮಗಳು ಮುಖ್ಯೋಪಾಧ್ಯಾಯರ ಮತ್ತು ಎಸ್.ಡಿ.ಎಂ.ಸಿ.ಯ ಒಪ್ಪಿಗೆ ಪತ್ರದೊಡನೆ ಮುಂದಿನ ಸಾಮಾನ್ಯ ಸಭೆಯಲ್ಲಿ ವಿಷಯ ಮಂಡಿಸಿರಿ. ಗೂಟ, ಹಗ್ಗ, ಸುಣ್ಣದ ಪುಡಿ ತೆಗೆದುಕೊಂಡು ಅಳತೆ ಹಾಕಿಕೊಡಲು ನಾನೇ ಬರುತ್ತೇನೆ.